ಹಳೇ ಸಿಂಥಸೈಜರ್ ದನಿ ಕೇಳಿದರೆ ರಾಕೆಟ್ಟೇ ಯಾಕೆ ಕಾಣಬೇಕು?

ಮಲ್ಲೇಶ್ವರದ ಅತ್ತೆ ಮನೆಯಲ್ಲಿ ಸಂಜೆ ಹೊತ್ತು ಸಂಗೀತ ಪಾಠ. ಮಕ್ಕಳು ಬರುವ ಮೊದಲೇ ಅತ್ತೆ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಹಾಕಿ, ಗುಂಡಿ ತಿರುಗಿಸಿ ಶ್ರುತಿ ಕೂಡಿಸಿ, ಕಾಫಿ ಮಾಡಲು ಒಳಗೆ ಹೋಗುತ್ತಿದ್ದರು. ಅದರ ಮುಂದೆ ನಾನೊಬ್ಬನೇ. ಹಾಡಿಲ್ಲ, ತಾಳವಿಲ್ಲ, ಸುಮ್ನೆ ಗುಂಯ್ ಅನ್ನುವ ಒಂದೇ ದನಿ. ಸ್ವಲ್ಪ ಹೊತ್ತಿಗೆ ಬಚ್ಚಲುಮನೆಯ ತಾಮ್ರದ ಹಂಡೆಯೊಳಗೆ ಕೂತಿದ್ದೇನೆ, ಹೊರಗೆ ಯಾರೋ ಒಲೆಗೆ ಸೌದೆ ತುಂಬುತ್ತಿದ್ದಾರೆ ಅನ್ನಿಸುತ್ತಿತ್ತು.

ವೀಣೆ ಕೇಳಿದರೆ ಬೆರಳು, ತಂತಿ ಕಣ್ಣಿಗೆ ಕಟ್ಟುತ್ತವೆ. ಈ ದನಿಗೆ ಅಂಥ ಆಸರೆಯೇ ಇಲ್ಲ. ಹಾಗಾಗಿ ಮನಸ್ಸು ತನಗೆ ಗೊತ್ತಿದ್ದುದನ್ನು ತಂದು ಅಲ್ಲಿಡುತ್ತದೆ. ಆದರೆ ಇವತ್ತು ಯಾರಿಗಾದರೂ ಹಳೇ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದಲೇ ದನಿ ಹುಟ್ಟಿಸುವ ವಾದ್ಯ, ಕೇಳಿಸಿ ನೋಡಿ, ‘ಬಾಹ್ಯಾಕಾಶ’ ಅಂದುಬಿಡುತ್ತಾರೆ. ಇದು ನಾವು ಕಲಿತದ್ದು.

ಕಲಿಸಿದ್ದು ಸಿನಿಮಾ ಮತ್ತು ಟಿವಿ. 1956ರ ‘ಫರ್ಬಿಡನ್ ಪ್ಲಾನೆಟ್’ ಚಿತ್ರಕ್ಕೆ ಬೀಬಿ ಮತ್ತು ಲೂಯಿ ಬ್ಯಾರನ್ ದಂಪತಿ ಬರೀ ಎಲೆಕ್ಟ್ರಾನಿಕ್ ಸರ್ಕ್ಯೂಟುಗಳಿಂದಲೇ ಸಂಗೀತ ಮಾಡಿದರು. ಕಥೆ ನಡೆಯುವುದು ಬೇರೊಂದು ಗ್ರಹದಲ್ಲಿ. 1963ರಲ್ಲಿ ಕಾಲ, ಬಾಹ್ಯಾಕಾಶ ಸುತ್ತುವ ಕಥೆಯ ಬಿಬಿಸಿ ಟಿವಿ ಧಾರಾವಾಹಿ ‘ಡಾಕ್ಟರ್ ಹೂ’ ಬಂತು. ರಾನ್ ಗ್ರೇನರ್ ಬರೆದ ಅದರ ಶೀರ್ಷಿಕೆ ಸಂಗೀತವನ್ನು ದನಿಯಾಗಿಸಿದವರು ಡೀಲಿಯಾ ಡರ್ಬಿಶೈರ್. ಅವರ ಹತ್ತಿರ ಸಿಂಥಸೈಜರ್ ಕೂಡ ಇರಲಿಲ್ಲ. ಮೀಟಿದ ಒಂದೇ ಒಂದು ತಂತಿಯ ದನಿ, ಉಪಕರಣ ಪರೀಕ್ಷೆಗೆ ಬಳಸುವ, ಒಂದೇ ಸಮನೆ ದನಿ ಹೊರಡಿಸುವ ಆಸಿಲೇಟರುಗಳ ದನಿ, ಇಷ್ಟನ್ನೇ ಟೇಪಿಗೆ ಹಿಡಿದು, ವೇಗ ಏರಿಸಿ ಇಳಿಸಿ ಸ್ವರ ಮಾಡಿ, ಒಂದೊಂದು ಸ್ವರಕ್ಕೂ ಬೇಕಾದಷ್ಟೇ ಉದ್ದ ಟೇಪು ಕತ್ತರಿಸಿ ಅಂಟಿಸಿದರು. ಹೂ ಕಟ್ಟುವವರ ತಾಳ್ಮೆ ಅದು.

1964ರಲ್ಲಿ ರಾಬರ್ಟ್ ಮೂಗ್ ತಮ್ಮ ಸಿಂಥಸೈಜರ್ ತೋರಿಸಿದರು. ಒಂದು ವೋಲ್ಟ್ ಏರಿಸಿದರೆ ದನಿ ಒಂದು ಸ್ಥಾಯಿ ಏರುತ್ತದೆ, ಲೆಕ್ಕ ಅಷ್ಟೇ. ಆದರೆ ಟ್ರಾನ್ಸಿಸ್ಟರ್ ಬಿಸಿಯಾದರೆ ಶ್ರುತಿ ಜಾರುತ್ತಿತ್ತು. ಆ ಜಾರುವಿಕೆಯಿಂದಲೇ ದನಿಗೆ ಉಸಿರಾಡುವ ಗುಣ ಬಂತು ಅಂತ ನನಗನ್ನಿಸುತ್ತದೆ.

ಆ ಯಂತ್ರ ನಮ್ಮ ದೇಶಕ್ಕೂ ಬೇಗ ಬಂತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರ್ ಜೋಡಿಸಿ ಸ್ಟುಡಿಯೋ ಕಟ್ಟಲು ನೆರವಾದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮುಂತಾದವರು ಅಲ್ಲಿ ಕೆಲಸ ಮಾಡಿದರು. ಟೇಪುಗಳು ಎಷ್ಟೋ ವರ್ಷ ಕಪಾಟಿನಲ್ಲೇ ಇದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಾಸ್ ಅವನ್ನು ಹುಡುಕಿ ತೆಗೆದರು, 2023ರಲ್ಲಿ ಆಲ್ಬಮ್ ಆಗಿ ಹೊರಬಂದವು.

ಅದರಲ್ಲಿ ಜೋಶಿಪುರ ಅವರ ಕೃತಿಯ ಹೆಸರು ‘ಸ್ಪೇಸ್ ಲೈನರ್ 2001’. ಹೆಸರು ಓದಿದ ಕೂಡಲೇ ರಾಕೆಟ್ ಹತ್ತಿಬಿಡುತ್ತೇವೆ, ಅಲ್ವಾ? ಗೀತಾ ಅವರದಕ್ಕೆ ಬರೀ ‘ಗೀತಾಬೆನ್ ಅವರ ರಚನೆ’ ಅನ್ನುವ ಅರ್ಥದ ಹೆಸರು. ಅವರು 1946ರಲ್ಲೇ ನ್ಯೂಯಾರ್ಕಿನಲ್ಲಿ ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟವರು. ಅವರ ರಚನೆ ಕೇಳುವಾಗ ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ನನಗೆ ಇದೇ ಜಾಸ್ತಿ ಇಷ್ಟ.

ಬೆಂಗಳೂರಿನಲ್ಲಂತೂ ಎಲೆಕ್ಟ್ರಾನಿಕ್ ದನಿ ಬಂದ ದಾರಿಯೇ ಬೇರೆ. ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಇಲ್ಲಿ ಆ ದನಿ ನೆಲೆಸಿದ್ದು ಪಾಠದ ಚಾಪೆಯ ಪಕ್ಕದಲ್ಲಿ.

ಮೊನ್ನೆ ರಾತ್ರಿ ಕರೆಂಟ್ ಹೋಗಿತ್ತು. ಹೆಡ್‌ಫೋನ್ ಹಾಕಿಕೊಂಡು, ಹಾಡಿನ ಹೆಸರು ನೋಡದೆ, ಆ ಎನ್‌ಐಡಿ ಟೇಪು ಕೇಳಿದೆ. ಕೆಳಗಿನಿಂದ ಒಂದು ದನಿ ಮೆಲ್ಲಗೆ ಏರಿತು. ತಾಮ್ರದ ಹಂಡೆ, ಸೌದೆಯ ಹೊಗೆ, ಒಳಗಿನಿಂದ ಅತ್ತೆಯ ಲೋಟದ ಸದ್ದು.