ಬೀಪ್ ಬಂದರೆ ಪ್ರೆಷರ್ ಸ್ವಿಚ್ ಸರಿ ಇದೆ ಅಂತಲ್ಲ

ಎಸಿ, ಕೂಲಿಂಗ್ ಮಷಿನ್‌ಗಳಲ್ಲಿ ಗ್ಯಾಸ್ ಒತ್ತಡ ತೀರಾ ಏರಿದರೆ ಅಥವಾ ಇಳಿದರೆ ಕಂಪ್ರೆಸರ್ ನಿಲ್ಲಿಸುವುದು ಪ್ರೆಷರ್ ಸ್ವಿಚ್. ಅದನ್ನು ಟೆಸ್ಟ್ ಮಾಡಿದ್ರಾ ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: ಮೀಟರ್ ಇಟ್ಟೆವು, ಬೀಪ್ ಬಂತು. ಆ ಬೀಪ್‌ನಿಂದ ಗೊತ್ತಾಗುವುದು ಸದ್ಯಕ್ಕೆ ಕಾಂಟ್ಯಾಕ್ಟ್ ಕೂಡಿದೆ ಅಂತ ಮಾತ್ರ. ಒತ್ತಡ ಮಿತಿ ಮೀರಿದಾಗ ಅದು ಬಿಡುತ್ತದೆಯೇ ಅನ್ನುವುದು ಬೇರೆ ಮಾತು. ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡ ಸ್ವಿಚ್ಚೂ ಬೀಪ್ ಅನ್ನುತ್ತದೆ. ಪದೇ ಪದೇ ಟ್ರಿಪ್ ಆಗುತ್ತೆ ಅಂತ ಯಾರೋ ತುಂಡು ವೈರ್ ಹಾಕಿ ಡೈರೆಕ್ಟ್ ಮಾಡಿದ್ದರೂ ಅಷ್ಟೇ. ಹಾಗಾಗಿ ಮೊದಲು ಟರ್ಮಿನಲ್‌ಗಳನ್ನು ಕಣ್ಣಿಟ್ಟು ನೋಡಿ.

ಎಚ್‌ಪಿ (ಹೈ ಪ್ರೆಷರ್, ಒತ್ತಡ ತೀರಾ ಏರಿದಾಗ ಬಿಡುವ) ಸ್ವಿಚ್ಚನ್ನು ನಿಜವಾಗಿ ಟ್ರಿಪ್ ಮಾಡಿಸಿಯೇ ನೋಡಬೇಕು. ಡಿಸ್ಚಾರ್ಜ್ ಕಡೆ (ಕಂಪ್ರೆಸರ್‌ನಿಂದ ಗ್ಯಾಸ್ ಹೊರಬರುವ ಕಡೆ) ಗೇಜ್ ಹಾಕಿ, ಮಷಿನ್ ಓಡಿಸಿ, ಕಂಡೆನ್ಸರ್‌ಗೆ (ಗ್ಯಾಸನ್ನು ತಣಿಸಿ ದ್ರವ ಮಾಡುವ ಭಾಗಕ್ಕೆ) ಹೋಗುವ ಗಾಳಿಯನ್ನು ರಟ್ಟಿನಿಂದ ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತಾ ಬನ್ನಿ. ನೀರಿನ ಕಂಡೆನ್ಸರ್ ಆದರೆ ನೀರು ಕಡಿಮೆ ಮಾಡಿ. ಆರ್‌-410ಎ ಗ್ಯಾಸ್ 45 ಡಿಗ್ರಿಯಲ್ಲಿ ಕಂಡೆನ್ಸ್ ಆಗುವಾಗ ಗೇಜ್ ಸುಮಾರು 380 ಪಿಎಸ್‌ಐ ತೋರಿಸುತ್ತದೆ. ಎಚ್‌ಪಿ ಸ್ವಿಚ್ ಸಾಮಾನ್ಯವಾಗಿ 600ರ ಆಸುಪಾಸಿನಲ್ಲಿ ಬಿಡುತ್ತದೆ. ನಿಮ್ಮ ಮಷಿನ್‌ನ ಲೆಕ್ಕ ಎಷ್ಟು ಅಂತ ಕಂಪನಿಯ ಕೈಪಿಡಿಯಲ್ಲಿ ನೋಡಿಕೊಳ್ಳಿ. ಕೈ ಸ್ಟಾಪ್ ಬಟನ್ ಮೇಲೇ ಇರಲಿ. ಮುಳ್ಳು ಆ ಲೆಕ್ಕ ದಾಟಿತೋ, ಒಂದು ಸೆಕೆಂಡೂ ಕಾಯದೆ ನಿಲ್ಲಿಸಿ. ಡಿಸ್ಚಾರ್ಜ್ ವಾಲ್ವ್ ಮುಚ್ಚಿ ಟೆಸ್ಟ್ ಮಾಡುವವರೂ ಇದ್ದಾರೆ. ದಯವಿಟ್ಟು ಬೇಡ. ಒತ್ತಡ ಕಣ್ಣು ಮಿಟುಕಿಸುವಷ್ಟರಲ್ಲಿ ಏರುತ್ತದೆ, ಸ್ವಿಚ್ ಕೆಟ್ಟಿದ್ದರೆ ಏನಾದರೊಂದು ಒಡೆಯುತ್ತದೆ.

ಸ್ವಿಚ್ ಟಕ್ ಅಂದರೆ ಸಾಲದು. ಕಂಪ್ರೆಸರ್‌ಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್ ಬಿಡಬೇಕು, ಕಂಪ್ರೆಸರ್ ನಿಲ್ಲಬೇಕು. ಮ್ಯಾನ್ಯುವಲ್ ರಿಸೆಟ್ ಇದ್ದರೆ, ಒತ್ತಡ ಇಳಿದ ಮೇಲೂ ಮಷಿನ್ ತಾನಾಗಿ ಶುರುವಾಗಬಾರದು. ಎಷ್ಟರಲ್ಲಿ ಬಿಟ್ಟಿತು ಅನ್ನುವ ಅಂಕಿಯನ್ನೇ ಬರೆದಿಡಿ. ಸುಮ್ನೆ 'ಓಕೆ' ಅಂತ ಬರೆದರೆ ಮುಂದಿನ ಸಲ ಹೋಲಿಸಿ ನೋಡಲು ಏನೂ ಸಿಗುವುದಿಲ್ಲ.

ಎಲ್‌ಪಿ (ಲೋ ಪ್ರೆಷರ್, ಒತ್ತಡ ತೀರಾ ಇಳಿದಾಗ ಬಿಡುವ) ಸ್ವಿಚ್ ಟೆಸ್ಟ್ ಸುಲಭ. ಲಿಕ್ವಿಡ್ ಲೈನ್ ವಾಲ್ವ್ ಮುಚ್ಚಿದರೆ ಸಕ್ಷನ್ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಕಡೆಯ) ಒತ್ತಡ ಇಳಿಯುತ್ತಾ ಹೋಗುತ್ತದೆ. ಕಟ್ ಔಟ್ (ಸ್ವಿಚ್ ಬಿಡುವುದು) ಎಲ್ಲಿ ಆಯಿತು ನೋಡಿ, ವಾಲ್ವ್ ನಿಧಾನವಾಗಿ ತೆರೆದು ಕಟ್ ಇನ್ (ಮತ್ತೆ ಕೂಡುವುದು) ನೋಡಿ. ಸೆಟ್ಟಿಂಗ್ ಬದಲಿಸಬಹುದಾದ ಅನೇಕ ಸ್ವಿಚ್‌ಗಳಲ್ಲಿ ಸ್ಕೇಲ್ ತೋರಿಸುವುದು ಕಟ್ ಇನ್ ಮಾತ್ರ. ಅದು 2 ಬಾರ್, ಡಿಫರೆನ್ಷಿಯಲ್ (ಕಟ್ ಇನ್, ಕಟ್ ಔಟ್ ನಡುವಿನ ಅಂತರ) 0.7 ಆದರೆ ಕಟ್ ಔಟ್ 1.3. ಇಲ್ಲಿ ಎಡವುವವರು ಜಾಸ್ತಿ. ಡಿಫರೆನ್ಷಿಯಲ್ ತೀರಾ ಕಡಿಮೆ ಇಟ್ಟರೆ ಕಂಪ್ರೆಸರ್ ಆನ್-ಆಫ್ ಆಡುತ್ತಲೇ ಇರುತ್ತದೆ.

ಸ್ವಿಚ್ ಬಿಚ್ಚಿ ನೋಡುವುದಾದರೆ ಡ್ರೈ ನೈಟ್ರೋಜನ್ ಬಳಸಿ, ರೆಗ್ಯುಲೇಟರ್ ಹಾಕಿಯೇ. ತುಂಬಿದ ಸಿಲಿಂಡರಿನ ಒತ್ತಡ ಸುಮಾರು 150 ಬಾರ್ ಇರುತ್ತದೆ, ಅದು ನೇರವಾಗಿ ಸ್ವಿಚ್‌ಗೆ ಹೋಗಬಾರದು. ಆಕ್ಸಿಜನ್ ಅಂತೂ ಹತ್ತಿರವೂ ತರಬೇಡಿ. ಕಂಪ್ರೆಸರ್ ಎಣ್ಣೆಯ ಜೊತೆ ಸೇರಿದರೆ ಸ್ಫೋಟವೇ.