ಅಳಿಸಿದರೂ ಕುಗ್ಗದ ಟೇಬಲ್

ಡೇಟಾಬೇಸ್ ಬಳಸುವವರ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ. ಡಿಸ್ಕ್ ತುಂಬುತ್ತಾ ಬಂದರೆ ಹಳೇ ಸಾಲುಗಳನ್ನು ಡಿಲೀಟ್ ಮಾಡಿದರಾಯ್ತು, ಜಾಗ ಸಿಗುತ್ತದೆ ಅಂತ. ಅರ್ಧ ಟೇಬಲ್ ಅಳಿಸಿ ನೋಡಿದರೆ ಒಂದು ಬೈಟ್ ಕೂಡ ವಾಪಸ್ ಬಂದಿರುವುದಿಲ್ಲ. ಆಗ ಸಲಹೆಗಳು ಶುರು: ಸರ್ವರ್ ರೀಸ್ಟಾರ್ಟ್ ಮಾಡಿ, ಪ್ರತಿ ಭಾನುವಾರ ಇಂಥ ಕಮಾಂಡ್ ಓಡಿಸಿ. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಕಾರಣ ತಿಳಿಯದೆ ತಪ್ಪದೇ ಮಾಡುವ ಕೆಲಸ ಕಂಪ್ಯೂಟರ್ ಮುಂದೆ ಮಾಡಿದರೂ ಮೂಢನಂಬಿಕೆಯೇ. ಇಲ್ಲಿ ಕಾರಣ ಖಂಡಿತ ಇದೆ. ಅದು ಬಹಳ ಸೊಗಸಾಗಿಯೂ ಇದೆ.

ಒಂದು ಪ್ರಯೋಗ ಮಾಡೋಣ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಒಂದೇ ಕಾಲಂ ಇರುವ ಟೇಬಲ್ ಮಾಡಿ. ಕಾಲಂ ಇಂಟಿಜರ್, ಅಂದರೆ 4 ಬೈಟಿನ ಪೂರ್ಣಾಂಕ. ಅದಕ್ಕೆ 1ರಿಂದ 10 ಲಕ್ಷದವರೆಗಿನ ಸಂಖ್ಯೆಗಳನ್ನು ತುಂಬಿಸಿ. ಎಷ್ಟು ಜಾಗ ಬೇಕು? 10 ಲಕ್ಷ ಸಾಲು, ಒಂದೊಂದಕ್ಕೆ 4 ಬೈಟ್, ಒಟ್ಟು 40 ಲಕ್ಷ ಬೈಟ್. ಹತ್ತಿರ ಹತ್ತಿರ 4 ಎಂಬಿ, ಅಲ್ವಾ? ಈಗ ಪಿಜಿ_ರಿಲೇಶನ್_ಸೈಜ್ ಎಂಬ ಫಂಕ್ಷನ್‌ಗೆ ಟೇಬಲ್ ಹೆಸರು ಕೊಟ್ಟು ಕೇಳಿ. ಉತ್ತರ 35 ಎಂಬಿ.

ಒಂಬತ್ತು ಪಟ್ಟು! ಇದು ಸೋರಿಕೆಯಲ್ಲ. ಪ್ರತಿ ಬೈಟಿಗೂ ಲೆಕ್ಕ ಇದೆ.

ಡೇಟಾಬೇಸ್ ಯಾವತ್ತೂ ಸಾಲು ಸಾಲಾಗಿ ಡಿಸ್ಕ್ ಮುಟ್ಟುವುದಿಲ್ಲ. ಪೇಜ್ ಎಂಬ ನಿಗದಿತ ಗಾತ್ರದ ತುಂಡುಗಳ ಲೆಕ್ಕದಲ್ಲಿ ಓದುತ್ತದೆ, ಪೇಜ್ ಲೆಕ್ಕದಲ್ಲೇ ಬರೆಯುತ್ತದೆ. ಪೋಸ್ಟ್‌ಗ್ರೆಸ್‌ನ ಪೇಜ್ 8192 ಬೈಟ್. ಅದರಲ್ಲಿ ಮೊದಲ 24 ಬೈಟ್ ಪೇಜಿನ ತಲೆಬರಹಕ್ಕೆ ಹೋಯಿತು. ಆಮೇಲೆ ಪ್ರತಿ ಸಾಲು ಪೇಜಿನೊಳಗೆ ಎಲ್ಲಿದೆ ಎಂದು ಹೇಳುವುದಕ್ಕೆ 4 ಬೈಟ್. ಸಾಲಿಗೂ ತನ್ನದೇ ತಲೆಬರಹ ಇದೆ, ಅದು 23 ಬೈಟ್. ಪ್ರೊಸೆಸರ್‌ಗೆ ಓದಲು ಸಲೀಸಾಗಲಿ ಎಂದು ಈ ತಲೆಬರಹವನ್ನೂ ಇಡೀ ಸಾಲನ್ನೂ 8ರ ಗುಣಕಕ್ಕೆ ಏರಿಸುತ್ತಾರೆ. ಹಾಗಾಗಿ 23 ಹೋಗಿ 24 ಆಗುತ್ತದೆ. ಅದಕ್ಕೆ ನಮ್ಮ 4 ಬೈಟ್ ಸೇರಿದರೆ 28, ಏರಿಸಿದರೆ 32. ಸಾಲು ಎಲ್ಲಿದೆ ಎಂದು ಹೇಳುವ ಆ 4 ಸೇರಿಸಿ, ಒಂದು ಸಾಲಿಗೆ 36 ಬೈಟ್. ಒಂದು ಪೇಜಿಗೆ 226 ಸಾಲು ಹಿಡಿಯುತ್ತದೆ. 10 ಲಕ್ಷ ಸಾಲಿಗೆ 4425 ಪೇಜ್ ಬೇಕು. ಅದೇ ಆ 35 ಎಂಬಿ.

ಈ 8ರ ಗುಣಕದ ನಿಯಮದಿಂದ ಇನ್ನೊಂದು ಮಜಾ ಸಿಗುತ್ತದೆ. ಎರಡು ಬೂಲಿಯನ್ (ಹೌದು-ಅಲ್ಲ ಎನ್ನುವ 1 ಬೈಟ್), ಎರಡು ಬಿಗ್‌ಇಂಟ್ (8 ಬೈಟಿನ ದೊಡ್ಡ ಸಂಖ್ಯೆ) ಕಾಲಂ ಇವೆ ಅಂದುಕೊಳ್ಳಿ. ಬೂಲಿಯನ್, ಬಿಗ್‌ಇಂಟ್, ಬೂಲಿಯನ್, ಬಿಗ್‌ಇಂಟ್ ಎಂದು ಬರೆದರೆ 10 ಲಕ್ಷ ಸಾಲಿಗೆ 57 ಎಂಬಿ. ಬಿಗ್‌ಇಂಟ್ ಎರಡನ್ನೂ ಮುಂದೆ ಹಾಕಿದರೆ 50 ಎಂಬಿ. ಡೇಟಾ ಅದೇ. 1 ಬೈಟಿನ ಪ್ರತಿ ಬೂಲಿಯನ್ ಹಿಂದೆ 7 ಬೈಟ್ ಸುಮ್ನೆ ಖಾಲಿ ಬೀಳುತ್ತಿತ್ತು, ಅಷ್ಟೇ.

ಈಗ ಅಳಿಸುವ ಮಾತಿಗೆ ಬರೋಣ. ನಮ್ಮ ಮೊದಲ ಟೇಬಲ್‌ನಲ್ಲಿ ಸಮ ಸಂಖ್ಯೆಗಳನ್ನೆಲ್ಲ ಡಿಲೀಟ್ ಮಾಡಿ. ಉಳಿದದ್ದು 5 ಲಕ್ಷ ಸಾಲು. ಗಾತ್ರ ಇನ್ನೂ 35 ಎಂಬಿ. ವ್ಯಾಕ್ಯೂಮ್ ಕಮಾಂಡ್ ಓಡಿಸಿ. ಆಗಲೂ 35. ಟೇಬಲನ್ನು ಮತ್ತೆ ಮೊದಲಿನಂತೆ ತುಂಬಿಸಿ, ಈ ಸಲ 5 ಲಕ್ಷಕ್ಕಿಂತ ದೊಡ್ಡ ಸಂಖ್ಯೆಗಳನ್ನು ಅಳಿಸಿ ವ್ಯಾಕ್ಯೂಮ್ ಮಾಡಿ. 17 ಎಂಬಿಗೆ ಇಳಿಯುತ್ತದೆ! ಅಳಿಸಿದ್ದು ಎರಡೂ ಸಲ ಅಷ್ಟೇ ಸಾಲು. ಇದು ನನಗೆ ಬಹಳ ಇಷ್ಟವಾದ ಪ್ರಯೋಗ, ಒಮ್ಮೆ ಕೈಯಾರೆ ಮಾಡಿ ನೋಡಿದವರು ಮರೆಯುವುದಿಲ್ಲ.

ಗುಟ್ಟು ಇಷ್ಟು. ಡಿಲೀಟ್ ಎಂದರೆ ಸಾಲಿನ ತಲೆಬರಹದಲ್ಲಿ 'ಇಂಥ ಟ್ರಾನ್ಸಾಕ್ಷನ್ ಇದನ್ನು ಅಳಿಸಿತು' ಎಂದು ಗುರುತು ಹಾಕುವುದು ಮಾತ್ರ. (ಟ್ರಾನ್ಸಾಕ್ಷನ್ ಎಂದರೆ ಒಟ್ಟಿಗೆ ಮುಗಿಯಬೇಕಾದ ಕೆಲಸಗಳ ಒಂದು ಕಂತೆ.) ವ್ಯಾಕ್ಯೂಮ್ ಆಮೇಲೆ ಬಂದು ಆ ಜಾಗವನ್ನು ಮುಂದಿನ ಸಾಲುಗಳಿಗೆ ಬಿಟ್ಟುಕೊಡುತ್ತದೆ. ಬಸ್ಸಿನಿಂದ ಜನ ಇಳಿದರೆ ಸೀಟು ಖಾಲಿಯಾಗುತ್ತದೆ, ಬಸ್ಸು ಗಿಡ್ಡ ಆಗುವುದಿಲ್ಲ. ಫೈಲಿನ ಕೊನೆಯಲ್ಲಿ ಸಾಲಾಗಿ ಪೂರ್ತಿ ಖಾಲಿ ಪೇಜ್‌ಗಳು ಉಳಿದರೆ ಮಾತ್ರ ವ್ಯಾಕ್ಯೂಮ್ ಬಾಲ ಕತ್ತರಿಸಿ ಆಪರೇಟಿಂಗ್ ಸಿಸ್ಟಂಗೆ ಕೊಡುತ್ತದೆ. ಸಮ ಸಂಖ್ಯೆ ಅಳಿಸಿದಾಗ ಪ್ರತಿ ಪೇಜಿನಲ್ಲೂ ಅರ್ಧ ಸಾಲು ಉಳಿದಿತ್ತು. ಕತ್ತರಿಸಲು ಬಾಲವೇ ಇರಲಿಲ್ಲ.

ಅಪ್‌ಡೇಟ್ ಇನ್ನೂ ಸ್ವಾರಸ್ಯ. ಹಳೇ ಸಾಲನ್ನು ತಿದ್ದುವುದಿಲ್ಲ, ಹೊಸ ಪ್ರತಿ ಬರೆಯುತ್ತದೆ. ತುಂಬಿದ ಟೇಬಲ್‌ನ ಎಲ್ಲ ಸಾಲಿಗೂ 1 ಕೂಡಿಸಿ ಎಂದರೆ 35 ಎಂಬಿ ಹೋಗಿ 69 ಎಂಬಿ ಆಗುತ್ತದೆ. ಒಂದು ಸಾಲೂ ಜಾಸ್ತಿಯಾಗಿರುವುದಿಲ್ಲ.

ಯಾಕೆ ಹೀಗೆ ಮಾಡಿದರು? 1986ರಲ್ಲಿ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ತಂಡ ಪೋಸ್ಟ್‌ಗ್ರೆಸ್ ಕೆಲಸ ಶುರು ಮಾಡಿದಾಗ, ಹಳೆಯದರ ಮೇಲೆ ಬರೆಯಲೇಬಾರದು ಎಂದು ತೀರ್ಮಾನಿಸಿದರು. ಹಿಂದಿನ ಯಾವುದೋ ದಿನ ಈ ಟೇಬಲ್ ಹೇಗಿತ್ತು ಎಂದು ಕೇಳಿದರೂ ಉತ್ತರ ಸಿಗಬೇಕು ಎನ್ನುವುದು ಅವರ ಆಸೆ. ಹಳೇ ಪ್ರತಿಗಳನ್ನು ಗುಡಿಸಿ ಬೇರೆ ಸಂಗ್ರಹಕ್ಕೆ ಸಾಗಿಸಲೆಂದೇ ವ್ಯಾಕ್ಯೂಮ್ ಹುಟ್ಟಿದ್ದು. ಹಿಂದಕ್ಕೆ ಹೋಗಿ ನೋಡುವ ಸೌಲಭ್ಯವನ್ನು ಆಮೇಲೆ ಕೈಬಿಟ್ಟರು. ಹಳೇ ಪ್ರತಿ ಉಳಿಸುವ ಪದ್ಧತಿ ಮಾತ್ರ ನಿಂತಿತು, ಅದರಿಂದ ಬೇರೊಂದು ಲಾಭ ಇತ್ತು: ಓದುವವರು ಬರೆಯುವವರಿಗಾಗಿ ಕಾಯಬೇಕಿಲ್ಲ. ನೀವು ದೊಡ್ಡ ವರದಿ ತೆಗೆಯುತ್ತಿರುವಾಗ ಇನ್ನೊಬ್ಬರು ಸಾಲು ಅಳಿಸಿದರೆ, ನಿಮ್ಮ ವರದಿಗೆ ಹಳೇ ಪ್ರತಿಯೇ ಕಾಣುತ್ತದೆ. ನಾವು 'ಕಸ' ಎಂದು ಬೈಯುವುದು ಈ ಹಳೇ ಪ್ರತಿಗಳನ್ನೇ.

ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಡೇಟಾ ಇಡುವ ಭಾಗವಾದ ಇನ್ನೋಡಿಬಿಯ ದಾರಿ ಬೇರೆ. ಅದು ಸಾಲನ್ನು ಇದ್ದಲ್ಲೇ ತಿದ್ದಿ, ಹಳೆಯದನ್ನು ಅನ್‌ಡೂ ಲಾಗ್ ಎಂಬ ಬೇರೆ ಜಾಗದಲ್ಲಿ ಇಡುತ್ತದೆ. ಪೇಜ್ 16 ಕೆಬಿ. ಆದರೂ ಡಿಲೀಟ್ ಮಾಡಿದರೆ ಫೈಲ್ ಕುಗ್ಗುವುದಿಲ್ಲ.

ಟೇಬಲ್‌ನ ಗಾತ್ರ ಅಳೆಯುವ ವಿಧಾನ ಒಂದೊಂದು ಡೇಟಾಬೇಸ್‌ನಲ್ಲಿ ಒಂದೊಂದು ಥರ ಇರುವುದೂ ಆಕಸ್ಮಿಕವಲ್ಲ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಡೇಟಾವನ್ನು ಟೇಬಲ್‌ಗಳಾಗಿ ನೋಡುವ ರಿಲೇಶನಲ್ ಮಾದರಿ ಮುಂದಿಟ್ಟಾಗ, ಡೇಟಾ ಡಿಸ್ಕ್‌ನಲ್ಲಿ ಎಲ್ಲಿ ಹೇಗೆ ಕೂತಿದೆ ಎನ್ನುವುದು ಬಳಸುವವರಿಗೆ ಗೊತ್ತಿರಬೇಕಾಗಿಯೇ ಇಲ್ಲ ಎಂದು ವಾದಿಸಿದರು. ಆ ಮಾದರಿಯಲ್ಲಿ ಟೇಬಲ್‌ಗೆ ತೂಕವೇ ಇಲ್ಲ. ಹಾಗಾಗಿ ಪ್ರತಿ ಡೇಟಾಬೇಸ್ ತನ್ನದೇ ಕಿಂಡಿ ಕೊರೆದುಕೊಂಡಿದೆ: ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎಸ್‌ಪಿ_ಸ್ಪೇಸ್‌ಯೂಸ್ಡ್, ಒರಾಕಲ್‌ನಲ್ಲಿ ಡಿಬಿಎ_ಸೆಗ್ಮೆಂಟ್ಸ್, ಮೈಎಸ್‌ಕ್ಯೂಎಲ್‌ನಲ್ಲಿ ಇನ್ಫರ್ಮೇಶನ್_ಸ್ಕೀಮಾ.

ಕಿಂಡಿಯಲ್ಲಿ ಕಂಡದ್ದನ್ನೆಲ್ಲ ನಂಬಬೇಡಿ. ಮೈಎಸ್‌ಕ್ಯೂಎಲ್ 8ರಲ್ಲಿ ಆ ಅಂಕಿಗಳನ್ನು ಒಮ್ಮೆ ತೆಗೆದು 86,400 ಸೆಕೆಂಡ್, ಅಂದರೆ ಒಂದು ದಿನ ಹಾಗೇ ಇಟ್ಟುಕೊಂಡಿರುತ್ತದೆ. ಸಾಲುಗಳ ಸಂಖ್ಯೆಯಂತೂ ಅಂದಾಜು, ಶೇ 40ರಿಂದ 50ರಷ್ಟು ಹೆಚ್ಚುಕಮ್ಮಿ ಆಗಬಹುದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ಪೋಸ್ಟ್‌ಗ್ರೆಸ್‌ನ ಪಿಜಿ_ರಿಲೇಶನ್_ಸೈಜ್ ಫೈಲನ್ನೇ ಅಳೆದು ಹೇಳುತ್ತದೆ. ಆದರೆ ಸಾಲು ಬೇಗ ಹುಡುಕಲು ಇಡುವ ಇಂಡೆಕ್ಸ್ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ 35 ಎಂಬಿ ಟೇಬಲ್‌ಗೆ ಪ್ರೈಮರಿ ಕೀ (ಒಂದೊಂದು ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಹಾಕಿದರೆ ಇಂಡೆಕ್ಸ್ ಒಂದೇ 21 ಎಂಬಿ. ಸುಮಾರು 2 ಕೆಬಿಗಿಂತ ದೊಡ್ಡ ಸಾಲುಗಳ ಉದ್ದುದ್ದ ಪಠ್ಯ ಟೋಸ್ಟ್ ಎಂಬ ಬೇರೆ ಟೇಬಲ್‌ಗೆ ಹೋಗಿರಬಹುದು, ಅದೂ ಇಲ್ಲಿ ಸೇರುವುದಿಲ್ಲ. ಎಲ್ಲ ಸೇರಿಸಿ ಬೇಕೆಂದರೆ ಪಿಜಿ_ಟೋಟಲ್_ರಿಲೇಶನ್_ಸೈಜ್ ಕೇಳಬೇಕು.

ಇನ್ನು ಆ ಭಾನುವಾರದ ಕಮಾಂಡ್. ಸಾಮಾನ್ಯವಾಗಿ ಅದು ವ್ಯಾಕ್ಯೂಮ್ ಫುಲ್. ಅದು ಟೇಬಲನ್ನು ಹೊಸದಾಗಿ ಬರೆದು ಹಳೇ ಫೈಲ್ ಬಿಸಾಡುತ್ತದೆ. ಗಾತ್ರ ಇಳಿಯುವುದು ನಿಜ. ಆದರೆ ಮುಗಿಯುವವರೆಗೆ ಆ ಟೇಬಲನ್ನು ಯಾರೂ ಓದಲೂ ಆಗುವುದಿಲ್ಲ. ಹೊಸ ಪ್ರತಿಗೆ ಬೇರೆ ಜಾಗವೂ ಬೇಕು, ಡಿಸ್ಕ್ ಪೂರ್ತಿ ತುಂಬಿದ ಮೇಲೆ ಇದನ್ನು ಓಡಿಸಲು ಹೋದರೆ ಅಲ್ಲೇ ನಿಲ್ಲುತ್ತದೆ. ದಿನಾ ಅಳಿಸಿ ದಿನಾ ತುಂಬುವ ಟೇಬಲ್ ಆದರೆ ಖಾಲಿ ಜಾಗ ನಾಳೆಯೇ ಬಳಕೆಯಾಗುತ್ತದೆ, ಕುಗ್ಗಿಸಿ ಏನೂ ಗಿಟ್ಟುವುದಿಲ್ಲ. ಅಷ್ಟಾಗಿಯೂ ಟೇಬಲ್ ಊದುತ್ತಲೇ ಇದ್ದರೆ, ಈಗ ಏನೇನು ನಡೆಯುತ್ತಿದೆ ಎಂದು ತೋರಿಸುವ ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ ಹೊತ್ತಾರೆಯಿಂದ ಮುಗಿಯದೆ ಕೂತಿರುವ ಟ್ರಾನ್ಸಾಕ್ಷನ್ ಇದೆಯಾ ಹುಡುಕಿ. ಅದು ತೆರೆದಿರುವಷ್ಟು ಹೊತ್ತು, ಅದು ಶುರುವಾದ ಮೇಲೆ ಅಳಿಸಿದ ಯಾವ ಸಾಲನ್ನೂ ವ್ಯಾಕ್ಯೂಮ್ ಮುಟ್ಟುವಂತಿಲ್ಲ.