ಎಂಐಜಿ ಅಂದ್ರೆ ಹೌಸಿಂಗ್ ಬೋರ್ಡ್ ಮನೆಯಲ್ಲ: ಪಾಲಿಕೆಗಳ ಅಲ್ಪಾವಧಿ ಸಾಲದ ರೇಟಿಂಗ್

ಯಲಹಂಕ ನ್ಯೂ ಟೌನ್ ಕಡೆಯವರಿಗೆ ಎಂಐಜಿ ಅಂದ್ರೆ ಹೌಸಿಂಗ್ ಬೋರ್ಡ್ ಮನೆ. ನನಗೂ ಹಾಗೇ ಇತ್ತು. ಸಾಲ ಎಷ್ಟು ಭದ್ರ ಅಂತ ದರ್ಜೆ ಕೊಡುವ ಅಮೆರಿಕದ ಕಂಪನಿ ಮೂಡೀಸ್‌ನ ಪಟ್ಟಿಯಲ್ಲಿ 'ಎಂಐಜಿ 1' ಕಂಡಾಗ ನಗು ಬಂತು. ಅಲ್ಲಿ ಅದು ಮುನಿಸಿಪಲ್ ಇನ್ವೆಸ್ಟ್‌ಮೆಂಟ್ ಗ್ರೇಡ್. ಅಮೆರಿಕದ ನಗರ, ಕೌಂಟಿಗಳು (ನಮ್ಮ ಜಿಲ್ಲೆಗಳ ಹಾಗೆ) ಸಾಮಾನ್ಯವಾಗಿ ಮೂರು ವರ್ಷದೊಳಗೆ ತೀರಿಸುವ ಸಾಲಪತ್ರಕ್ಕೆ ಕೊಡುವ ದರ್ಜೆ.

ಇಂಥ ಸಾಲ ಯಾಕೆ ಬೇಕು? ನಮ್ಮ ಬೆಂಗಳೂರಿನಿಂದಲೇ ನೋಡೋಣ. ಏಪ್ರಿಲ್ ಒಳಗೆ ಆಸ್ತಿ ತೆರಿಗೆ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ನಮ್ಮಪ್ಪ ಅದನ್ನು ಒಂದು ವರ್ಷವೂ ಬಿಟ್ಟವರಲ್ಲ. ಎಲ್ಲರೂ ಹೀಗೆ ಕಟ್ಟಿದರೆ ದುಡ್ಡು ಒಂದೇ ಸಲ ಬಂದು ಬೀಳುತ್ತದೆ. ಪೌರಕಾರ್ಮಿಕರ ಸಂಬಳ, ಬೀದಿದೀಪದ ಕರೆಂಟ್ ಬಿಲ್ ಮಾತ್ರ ತಿಂಗಳು ತಿಂಗಳೂ ಇದ್ದದ್ದೇ. ಅಮೆರಿಕದ ಊರುಗಳ ಪಾಡೂ ಇದೇ. ತೆರಿಗೆ ಬರುವವರೆಗೆ ಸಾಲ ಮಾಡುತ್ತವೆ. ಅದೇ ಟ್ಯಾನ್, ಅಂದರೆ ಟ್ಯಾಕ್ಸ್ ಆಂಟಿಸಿಪೇಷನ್ ನೋಟ್. ಬ್ಯಾನ್, ಅಂದರೆ ಬಾಂಡ್ ಆಂಟಿಸಿಪೇಷನ್ ನೋಟ್, ಬೇರೆ: ಮುಂದೆ ದೀರ್ಘಾವಧಿ ಬಾಂಡ್ ಮಾರಿ, ಆ ದುಡ್ಡಿನಲ್ಲಿ ತೀರಿಸುವುದು. ಆ ಹೊತ್ತಿಗೆ ಬಾಂಡ್ ಕೊಳ್ಳುವವರು ಇರುತ್ತಾರಾ ಅನ್ನುವುದೇ ಅಲ್ಲಿನ ಚಿಂತೆ.

ಟ್ಯಾನ್‌ನಲ್ಲಿ ನೋಡುವುದು ತಾರೀಕನ್ನು. ಒಂದು ಊರು 100 ಕೋಟಿ ಸಾಲ ಮಾಡಿದೆ, ಜೂನ್ 30ಕ್ಕೆ ತೀರಿಸಬೇಕು ಅಂದುಕೊಳ್ಳಿ. ತಿಂಗಳವಾರು ಜಮಾ-ಖರ್ಚು ಬರೆದರೆ ಅವತ್ತು ಕೈಯಲ್ಲಿ 140 ಕೋಟಿ ಇರುತ್ತದೆ. ಸಾಲದ 1.4 ಪಟ್ಟು. ಪರವಾಗಿಲ್ಲ. ತೆರಿಗೆ ವಸೂಲಿ 45 ಕೋಟಿ ಕಮ್ಮಿಯಾದರೆ? ಉಳಿಯುವುದು 95. ಊರು ಶ್ರೀಮಂತವೇ ಇರಬಹುದು, ಆದರೆ ಜೂನ್ 30ಕ್ಕೆ 5 ಕೋಟಿ ಕೈಕಚ್ಚಿತು, ಅಲ್ವಾ? ಆ ತಾರೀಕು ತಪ್ಪುವ ಭಯ ಎಷ್ಟು ಅನ್ನುವುದೇ ಈ ರೇಟಿಂಗ್.

ದರ್ಜೆಗಳು ಸುಲಭ. ಮೂಡೀಸ್‌ನಲ್ಲಿ ಎಂಐಜಿ 1, 2, 3, ಅದರ ಕೆಳಗೆ ಎಸ್‌ಜಿ, ಅಂದರೆ ಸ್ಪೆಕ್ಯುಲೇಟಿವ್ ಗ್ರೇಡ್, ಅಪಾಯದ ಸಾಲ. ಇನ್ನೊಂದು ರೇಟಿಂಗ್ ಕಂಪನಿ ಎಸ್ ಅಂಡ್ ಪಿಯಲ್ಲಿ ಎಸ್‌ಪಿ-1+ ಇಂದ ಎಸ್‌ಪಿ-3. ಎಡವುವುದು 'ಎ1' ಹತ್ತಿರ. ಮೂಡೀಸ್‌ನ ಎ1 ದೀರ್ಘಾವಧಿ ಪಟ್ಟಿಯಲ್ಲಿ ಮೇಲಿನಿಂದ ಐದನೆಯ ಮೆಟ್ಟಿಲು. ನಮ್ಮ ದೇಶದ ರೇಟಿಂಗ್ ಕಂಪನಿಗಳಾದ ಕ್ರಿಸಿಲ್, ಇಕ್ರಾಗಳ ಎ1 ಒಂದು ವರ್ಷದೊಳಗಿನ ಸಾಲದ್ದು, ಅದರ ಮೇಲೆ ಇರುವುದು ಎ1+ ಒಂದೇ. ನಾನು ಮಾಕ್ ಟೆಸ್ಟ್‌ನಲ್ಲಿ ಇಲ್ಲೇ ಎರಡು ಸಲ ಬಿದ್ದೆ.

ಮೂಡೀಸ್‌ನ ವಿಎಂಐಜಿ (ವಿ ಅಂದರೆ ವೇರಿಯೇಬಲ್) ಇನ್ನೊಂದು ಬಗೆ. ಬಡ್ಡಿ ಬದಲಾಗುತ್ತಿರುವ ಸಾಲಪತ್ರವನ್ನು ಕೊಂಡವರು 'ತಗೊಳ್ಳಿ, ದುಡ್ಡು ಕೊಡಿ' ಅಂತ ಮಧ್ಯದಲ್ಲೇ ವಾಪಸ್ ಕೊಡಬಹುದು. ಆಗ ದುಡ್ಡು ಕೊಡುವ ಭರವಸೆ ಸಾಮಾನ್ಯವಾಗಿ ಬ್ಯಾಂಕಿನದು. ಹಾಗಾಗಿ ಬ್ಯಾಂಕ್ ಬಿದ್ದರೆ ಈ ರೇಟಿಂಗೂ ಬೀಳುತ್ತದೆ. ಬೆನ್ನಿಗೆ ಯಾರಿದ್ದಾರೆ ಅನ್ನುವ ಪ್ರಶ್ನೆ ನಮಗೂ ಹೊಸದಲ್ಲ. 1997ರಲ್ಲಿ ಬೆಂಗಳೂರು ಪಾಲಿಕೆ ಎತ್ತಿದ 125 ಕೋಟಿ ರೂಪಾಯಿ ಬಾಂಡ್‌ಗೆ ರಾಜ್ಯ ಸರ್ಕಾರದ ಗ್ಯಾರಂಟಿ ಇತ್ತು. ಅದು ದೀರ್ಘಾವಧಿ ಸಾಲ, ಆ ಮಾತು ಬೇರೆ.

ರೇಟಿಂಗನ್ನು ಕಣ್ಣು ಮುಚ್ಚಿ ನಂಬುವವರು ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ಕಥೆ ಓದಬೇಕು. ಶ್ರೀಮಂತ ಜಾಗ, ಅಲ್ಪಾವಧಿ ನೋಟ್‌ಗಳಿಗೆ ಮೇಲಿನ ದರ್ಜೆ. ಆದರೆ ಖಜಾಂಚಿ ಸಾಲ ತಂದು, ಬಡ್ಡಿ ದರ ಏರುವುದಿಲ್ಲ ಅಂತ ಹೂಡಿದ್ದರು. 1994ರಲ್ಲಿ ಬಡ್ಡಿ ಏರಿತು. ಸುಮಾರು 160 ಕೋಟಿ ಡಾಲರ್ ಹೋಯಿತು, ಡಿಸೆಂಬರ್‌ನಲ್ಲಿ ಕೌಂಟಿ ದಿವಾಳಿ ಅರ್ಜಿ ಹಾಕಿತು. ನೋಟ್ ಕೊಂಡವರಿಗೆ 1995ರ ಬೇಸಿಗೆಯಲ್ಲಿ ಬರಬೇಕಿದ್ದ ದುಡ್ಡು ಕೊನೆಗೆ ಬಂತು, ಆದರೆ 1996ರಲ್ಲಿ.